ಮಗನ ಮಾತು ಕೇಳಿ ನಗಬಹುದಾ, ನಗಬಾರದಾ?

ಪ್ರಶ್ನೆ: ನಂಗೆ ಇಬ್ರು ಮಕ್ಕಳು, ಮಗನಿಗೆ ಮೂರೂವರೆ ವರ್ಷ, ಮಗಳಿಗೆ ಒಂದೂವರೆ ಮುಗೀತು. ಮಗ ಬೆಳಿಗ್ಗೆಯಿಂದ ರಾತ್ರಿವರೆಗೂ ಏನಾದ್ರೂ ಒಂದು ಹೇಳ್ತಾನೆ, ನಾವು ಬಿದ್ದು ಬಿದ್ದು ನಗ್ತೀವಿ. ಚಂದ್ರ ನಮ್ಮ ಹಿಂದೇನೇ ಬರ್ತಿದಾನೆ ಅಂತಾನೆ. ಕೈಯಲ್ಲಿ ಕಣ್ಣು ಮುಚ್ಕೊಂಡು ಹಾಲ್ ಮಧ್ಯೆ ನಿಂತು 'ನಾನು ಕಾಣ್ಸಲ್ಲ, ಹುಡುಕಿ' ಅಂತಾನೆ. ಗೋಡೆ ತುಂಬ ಗೀಚಿ 'ಕರಡಿ ಬರೆದಿದ್ದು' ಅಂತ ಬೊಂಬೆ ತೋರಿಸ್ತಾನೆ. ಲೈಟಿನ ಸ್ವಿಚ್ಚನ್ನ ಅವರಪ್ಪ ಹಾಕಿಬಿಟ್ರೆ ನೆಲಕ್ಕೆ ಬಿದ್ದು ಅಳ್ತಾನೆ. ಮೊನ್ನೆ ಮನೆಗೆ ಬಂದವರ ಮುಂದೆ ಅವನ ಮಾತಿಗೆ ಎಲ್ಲರೂ ಜೋರಾಗಿ ನಕ್ಕಾಗ ಟೇಬಲ್ ಕೆಳಗೆ ಹೋಗಿ ಕೂತ್ಕೊಂಡು ಅತ್ತುಬಿಟ್ಟ, ನನಗೆ ಹೊಟ್ಟೆಗೆ ಸಂಕಟ ಆಯ್ತು. ನಕ್ಕರೆ ಮಕ್ಕಳು ತಲೆ ಮೇಲೆ ಕೂರ್ತಾರೆ ಅಂತಾರೆ ನಮ್ಮೆಜಮಾನ್ರು, ಸುಳ್ಳು ಹೇಳೋದನ್ನ ಈಗ್ಲೇ ನಿಲ್ಲಿಸು ಅಂತಾರೆ ಅತ್ತೆ. ನನಗಂತೂ ದಿನದಲ್ಲಿ ಜೀವ ಬರೋದೇ ಈ ಮಾತುಗಳಿಂದ. ನಗೋದು ತಪ್ಪಾ? ದೊಡ್ಡವನಾದ ಮೇಲೆ ಇದೆಲ್ಲ ಅವನಿಗೆ ನೆನಪಿರುತ್ತಾ? ಕೆಲಸದ ಗಡಿಬಿಡೀಲಿ ನಾನೇ ಅರ್ಧ ಮರೀತಿದೀನಿ.

ಉತ್ತರ: ನಗಿ. ಧಾರಾಳವಾಗಿ ನಗಿ, ಮನೇಲಿ ನಗು ಇದೆ ಅಂತ ಯಾವ ಮಗೂನೂ ಹಾಳಾಗಿಲ್ಲ. ಆದ್ರೆ ನಗೋವಾಗ ಒಂದು ಸಲ ಅವನ ಮುಖ ನೋಡಿ, ಅಷ್ಟು ಮಾಡಿದ್ರೆ ನಿಮ್ಮ ಪ್ರಶ್ನೇಲಿ ಅರ್ಧಕ್ಕೆ ಉತ್ತರ ಅಲ್ಲೇ ಸಿಗುತ್ತೆ. ಅವನೂ ನಗ್ತಿದ್ರೆ ಸರಿ, ಇಬ್ಬರೂ ಸೇರಿ ಮಜಾ ಮಾಡ್ತಿದೀರ. ಅವನು ನಗದೆ ನಿಮ್ಮನ್ನೇ ನೋಡ್ತಾ ನಿಂತಿದ್ರೆ, ಅವನು ಜೋಕ್ ಮಾಡಿಲ್ಲ, ಯೋಚನೆ ಮಾಡಿ ಒಂದು ಮಾತು ಹೇಳಿದಾನೆ, ಅದಕ್ಕೆ ನೀವೇನಂತೀರ ಅಂತ ಕಾಯ್ತಿದಾನೆ. ಈ ವಯಸ್ಸಲ್ಲಿ ನಮಗೆ ತಮಾಷೆ ಅನ್ಸೋ ಮಾತುಗಳಲ್ಲಿ ಹೆಚ್ಚಿನವು ಮಗುವಿನ ಪಾಲಿಗೆ ತಮಾಷೆ ಅಲ್ಲವೇ ಅಲ್ಲ, ಅದು ಅವನ ಪೂರ್ತಿ ಲೆಕ್ಕಾಚಾರ. ಮಕ್ಕಳ ಜೊತೆ ಕೆಲಸ ಮಾಡೋಳಾಗಿ ನಾನು ಅಪ್ಪ ಅಮ್ಮಂದಿರಿಗೆ ಮತ್ತೆ ಮತ್ತೆ ಹೇಳೋದು ಇದನ್ನೇ, ತಿದ್ದೋಕೆ ಮುಂಚೆ, ನಗೋಕೂ ಮುಂಚೆ ಆದ್ರೆ ಇನ್ನೂ ಒಳ್ಳೇದು, ಈ ಮಾತು ಎಲ್ಲಿಂದ ಬಂತು ಅಂತ ಒಂದು ಕ್ಷಣ ಯೋಚಿಸಿ.

ಚಂದ್ರನ ಮಾತೇ ತಗೊಳಿ. ರಾತ್ರಿ ನೀವು ಅವನ ಕೈ ಹಿಡ್ಕೊಂಡು ನಡೀತಿದೀರ, ಮರ ಹಿಂದೆ ಹೋಯ್ತು, ಲೈಟ್ ಕಂಬ ಹಿಂದೆ ಹೋಯ್ತು, ಗೇಟು ಹಿಂದೆ ಹೋಯ್ತು, ಚಂದ್ರ ಮಾತ್ರ ಹೋಗಲಿಲ್ಲ, ನಿಂತ್ರೆ ಅವನೂ ನಿಂತ, ಓಡಿದ್ರೆ ಅವನೂ ಓಡಿದ. ಇದರಲ್ಲಿ ಅವನು ನೋಡಿದ್ದರಲ್ಲಿ ಒಂದೂ ತಪ್ಪಿಲ್ಲ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದಾನೆ, ಅಷ್ಟು ದೂರ ಇರೋದು ನಾವು ನೂರು ಹೆಜ್ಜೆ ಇಟ್ರೂ ಜಾಗ ಬದಲಾಯಿಸಿದ ಹಾಗೆ ಕಾಣಲ್ಲ ಅನ್ನೋ ವಿಷಯ ಒಂದು ಅವನ ಹತ್ರ ಇಲ್ಲ, ಅಷ್ಟೇ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಮಕ್ಕಳನ್ನ ಕೂರಿಸ್ಕೊಂಡು ಇಂಥ ಪ್ರಶ್ನೆಗಳನ್ನೇ ಕೇಳ್ತಿದ್ರು, ಸೂರ್ಯ ಚಂದ್ರ ನಮ್ಮ ಜೊತೆ ಬರ್ತಾರೆ ಅಂತ ಮಕ್ಕಳು ಹೇಳೋದನ್ನ ಅವರೂ ಬರೆದಿಟ್ಟಿದಾರೆ. ಚಲಿಸೋದಕ್ಕೆಲ್ಲ ಜೀವ ಇದೆ, ಮನಸ್ಸಿದೆ ಅಂತ ಈ ವಯಸ್ಸಿನ ಮಕ್ಕಳು ತುಂಬ ಸಹಜವಾಗಿ ಅಂದ್ಕೊಳ್ತಾರೆ. ಕಾಲಿಗೆ ತಾಗಿದ ಕುರ್ಚಿಗೆ ಹೊಡೆಯೋದು, ಹರಿದ ಪುಸ್ತಕಕ್ಕೆ ನೋವಾಯ್ತಾ ಅಂತ ಕೇಳೋದು ಎಲ್ಲ ಇದೇ ಜಾತಿ.

ಮುಂದಿನ ಸಲ ಹಾಗಂದಾಗ 'ಇಲ್ಲಪ್ಪಾ, ಚಂದ್ರ ಬರಲ್ಲ, ಅದು ಹಂಗೆ ಕಾಣುತ್ತೆ' ಅಂತ ಪಾಠ ಶುರು ಮಾಡ್ಬೇಡಿ. 'ಹೌದಲ್ವಾ! ಯಾಕೆ ಬರ್ತಿದಾನೆ?' ಅಂತ ಕೇಳಿ ಸುಮ್ಮನಾಗಿ. ಆಮೇಲೆ ಬೇಕಾದ್ರೆ ನೀವು ಆ ಕಡೆ ನಡೀರಿ, ಅವರಪ್ಪನ ಜೊತೆ ಅವನನ್ನ ಈ ಕಡೆ ಕಳಿಸಿ, ವಾಪಸ್ ಬಂದು 'ನನ್ನ ಹಿಂದೇನೂ ಬಂದಿದ್ದ, ನಿನ್ನ ಹಿಂದೆ?' ಅಂತ ಕೇಳಿ. ಆ ಪುಟ್ಟ ಹಣೆ ಗಂಟು ಹಾಕ್ಕೊಂಡು ಯೋಚಿಸೋದನ್ನ ನೋಡ್ತಾ ಇರಿ. ಉತ್ತರ ಏನಾದ್ರೂ ಬರ್ಲಿ, 'ಎರಡು ಚಂದ್ರ ಇದಾವೆ' ಅಂತಾನೂ ಅನ್ನಬಹುದು, ಬಿಡಿ, ಮೂರೂವರೆಗೆ ಸರಿ ಉತ್ತರದ ಅವಸರ ಏನೂ ಇಲ್ಲ.

ಕಣ್ಣು ಮುಚ್ಕೊಂಡು ಕಾಣ್ಸಲ್ಲ ಅನ್ನೋದು ನನಗೆ ತುಂಬ ಇಷ್ಟದ ವಿಷಯ. ಬಹಳ ದಿನ ಎಲ್ಲರೂ ಅಂದ್ಕೊಂಡಿದ್ದು, ಮಗುಗೆ ಏನೂ ಕಾಣ್ಸಲ್ವಲ್ಲ, ಅದಕ್ಕೇ ಬೇರೆಯವರಿಗೂ ಕಾಣ್ಸಲ್ಲ ಅಂದ್ಕೊಳ್ಳುತ್ತೆ ಅಂತ. ಕೇಂಬ್ರಿಜ್‌ನ ಸಂಶೋಧಕರು ಮೂರು ನಾಲ್ಕು ವರ್ಷದ ಮಕ್ಕಳಿಗೆ ಕಣ್ಣು ಮುಚ್ಚಿಸಿ ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದಾಗ ಬೇರೇನೇ ಗೊತ್ತಾಯ್ತು, 2012ರಲ್ಲಿ ಅದು ಪ್ರಕಟ ಆಯ್ತು. ನಿನ್ನ ತಲೆ ನನಗೆ ಕಾಣುತ್ತಾ ಅಂದ್ರೆ ಹೌದು ಅಂತಾರೆ, ಮೈ ಕಾಣುತ್ತಾ ಅಂದ್ರೂ ಹೌದು, ನೀನು ಕಾಣ್ತೀಯಾ ಅಂದ್ರೆ ಇಲ್ಲ! ಅಂದ್ರೆ 'ನಾನು' ಅನ್ನೋದು ತಲೆ ಕೈ ಕಾಲು ಅಲ್ಲ, ನಿನ್ನ ಕಣ್ಣೂ ನನ್ನ ಕಣ್ಣೂ ಸೇರಿದಾಗ ಮಾತ್ರ ಒಬ್ಬರಿಗೊಬ್ಬರು ಕಾಣೋದು ಅನ್ನೋ ಥರ ಇದೆ ಅವರ ಲೆಕ್ಕ. ಯೋಚಿಸಿ ನೋಡಿದ್ರೆ ಎಷ್ಟು ಆಳ ಇದೆ ಇದರಲ್ಲಿ, ಬರೀ ನೋಡಿದ್ರೆ ಸಾಲದು, ಕಣ್ಣು ಕೊಟ್ಟು ನೋಡಿದ್ರೇನೇ ನೋಡಿದ ಹಾಗೆ ಅಂತ ಮೂರು ವರ್ಷದ ಮಗು ನಂಬಿರುತ್ತೆ. ಫೋನ್ ನೋಡ್ತಾ 'ಹೂಂ ಹೇಳು, ಕೇಳಿಸ್ಕೊಳ್ತಿದೀನಿ' ಅಂದ್ರೆ ಅವು ಯಾಕೆ ಎರಡೂ ಕೈಯಲ್ಲಿ ನಮ್ಮ ಗಲ್ಲ ಹಿಡಿದು ಮುಖಾನೇ ತಿರುಗಿಸ್ತವೆ ಅಂತ ಈಗ ಗೊತ್ತಾಯ್ತಲ್ಲ. ಹಾಗಾಗಿ ಹಾಲ್ ಮಧ್ಯೆ ಅವನು ನಿಂತಾಗ ದಯವಿಟ್ಟು ಹುಡುಕಿ, ಸೋಫಾ ಕೆಳಗೆ, ಬಾಗಿಲ ಹಿಂದೆ, ಶೂ ಒಳಗೆ ಕೂಡ, ಇಲ್ಲೇ ಇದೀಯಲ್ಲೋ ಅಂತ ಮೊದಲ್ನೇ ನಿಮಿಷಕ್ಕೇ ಆಟ ಕೆಡಿಸ್ಬೇಡಿ. ನಾಲ್ಕು ದಾಟಿ ಇನ್ನೊಬ್ಬರ ಕಡೆಯಿಂದ ನೋಡೋದು ಕಲೀತಾ ಹೋದ ಹಾಗೆ ಇದು ತಾನಾಗೇ ಹೋಗುತ್ತೆ, ಹೋದ್ಮೇಲೆ ನೀವೇ ಮಿಸ್ ಮಾಡ್ಕೊಳ್ತೀರ.

ಸ್ವಿಚ್ ವಿಷಯ. ಇಲ್ಲಿ ಮಾತ್ರ ನಗಬೇಡಿ. ಆ ಹೊತ್ತಲ್ಲಿ ಅವನಿಗೆ ನಿಜವಾಗ್ಲೂ ಸಂಕಟ ಆಗ್ತಿರುತ್ತೆ. ಅವನ ತಲೇಲಿ ಆ ಕೆಲಸದ ಪೂರ್ತಿ ಚಿತ್ರ ಇರುತ್ತೆ, ನಾನು ಸ್ಟೂಲ್ ಎಳ್ಕೊಂಡು ಬರ್ತೀನಿ, ಹತ್ತುತೀನಿ, ಟಕ್ ಅಂತ ಹಾಕ್ತೀನಿ, ಬೆಳಕು ಬರುತ್ತೆ, ಅಂತ. ಅಪ್ಪ ನಡ್ಕೊಂಡು ಹೋಗ್ತಾ ಕೈ ಹಾಕಿ ಅದನ್ನ ಮುಗಿಸಿಬಿಟ್ರು. ಪರವಾಗಿಲ್ಲ, ಆಮೇಲೆ ಹಾಕಿದ್ರಾಯ್ತು ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಳ್ಳೋ ಮೆದುಳಿನ ಮುಂಭಾಗ ಇದೆಯಲ್ಲ, ಅದು ಪೂರ್ತಿ ಬಲಿಯೋದು ಇಪ್ಪತ್ತು ದಾಟಿ ಎಷ್ಟೋ ವರ್ಷ ಆದ್ಮೇಲೆ, ಮೂರೂವರೆಗೆ ಅದನ್ನ ನಿರೀಕ್ಷೆ ಮಾಡೋದು ಅನ್ಯಾಯ. ಆ ಹೊತ್ತಲ್ಲಿ ನ್ಯಾಯ ತೀರ್ಮಾನ ಎಲ್ಲ ಬೇಡ. 'ನೀನೇ ಹಾಕ್ಬೇಕಿತ್ತು ಅಲ್ವಾ, ಅಪ್ಪ ಹಾಕಿಬಿಟ್ರು' ಅಂತ ಅವನ ಸಂಕಟಕ್ಕೆ ಮಾತು ಕೊಡಿ, ಲೈಟ್ ಆರಿಸಿ ಅವನ ಕೈಲೇ ಹಾಕಿಸೋಕೆ ಆಗೋ ಹಾಗಿದ್ರೆ ಹಾಕಿಸಿ, ಅದು ಸೋತ ಹಾಗಲ್ಲ, ಸ್ವಿಚ್ ಬಿಟ್ಟುಕೊಟ್ರೆ ಯಾರ ಶಿಸ್ತೂ ಕೆಡಲ್ಲ. ಆಗಲ್ಲ ಅನ್ನೋ ಕಡೆ (ಗ್ಯಾಸ್ ಸ್ಟವ್ ನಾನೇ ಹಚ್ತೀನಿ ಅಂದ ಅಂತಿಟ್ಕೊಳಿ) ಆಗಲ್ಲ ಅಂತ ಒಂದೇ ಸಲ ಹೇಳಿ ಪಕ್ಕದಲ್ಲಿ ಕೂತಿರಿ, ಅಳು ತಾನೇ ಇಳಿಯುತ್ತೆ, ಈ ಥರದ ಅಳು ಹೆಚ್ಚಿನಂಶ ಕೆಲವೇ ನಿಮಿಷದ್ದು, ನಮಗೆ ಮಾತ್ರ ಅದು ಒಂದು ಗಂಟೆ ಥರ ಅನ್ಸುತ್ತೆ.

ನೀವು ಮಗಳ ಬಗ್ಗೆ ಜಾಸ್ತಿ ಬರೆದಿಲ್ಲ, ಆದ್ರೆ ಒಂದೂವರೆ ಅಂದ್ರಿ ಅಂತ ಇದೊಂದು ಹೇಳ್ತೀನಿ, ನೋಡೋಕೆ ಸಿಕ್ಕಿದ್ರೆ ಬಿಡ್ಬೇಡಿ. ಈಗಿಂದ ಎರಡೂವರೆ ಒಳಗೆ ಯಾವತ್ತಾದ್ರೂ ಒಂದಿನ ಅವಳು ಬೊಂಬೆಮನೆಯ ಬೆರಳುದ್ದದ ಕುರ್ಚಿ ಮೇಲೆ ಕೂರೋಕೆ ನೋಡ್ತಾಳೆ, ಇಲ್ಲಾ ಅಂಗೈ ಅಗಲದ ಆಟದ ಕಾರಿನ ಬಾಗಿಲು ತೆಗೆದು ಒಳಗೆ ಕಾಲಿಡ್ತಾಳೆ. ಆಟಕ್ಕಲ್ಲ, ಸೀರಿಯಸ್ಸಾಗಿ. ಕಾಲು ಹೋಗ್ಲಿಲ್ಲ ಅಂತ ಇನ್ನೂ ಒತ್ತುತಾಳೆ, ಆಗಲೂ ಹೋಗ್ಲಿಲ್ಲ ಅಂದ್ರೆ ಕಾರನ್ನ ತಿರುಗಿಸಿ ಇನ್ನೊಂದು ಬಾಗಿಲಿಂದ ನೋಡ್ತಾಳೆ. ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಶ್ ಮತ್ತವರ ಜೊತೆಯವರು 2004ರಲ್ಲಿ ಇದನ್ನ ಲ್ಯಾಬಲ್ಲೇ ತೋರಿಸಿಕೊಟ್ರು, 18 ತಿಂಗಳಿಂದ 30 ತಿಂಗಳ ಮಕ್ಕಳಲ್ಲಿ. ಇದು ಕಾರು, ಕಾರಿಗೆ ಹತ್ತಬೇಕು ಅನ್ನೋದು ಮೆದುಳಿನ ಒಂದು ಕಡೆ ಹೇಳುತ್ತೆ, ಇದು ನನ್ನ ಪಾದಕ್ಕಿಂತ ಚಿಕ್ಕದು ಅನ್ನೋದು ಇನ್ನೊಂದು ಕಡೆ ಇರುತ್ತೆ, ಎರಡೂ ಇನ್ನೂ ಒಂದಕ್ಕೊಂದು ಸರಿಯಾಗಿ ಸುದ್ದಿ ಮುಟ್ಟಿಸ್ತಿಲ್ಲ. ಎಲ್ಲ ಮಕ್ಕಳೂ ಮನೇಲಿ ಎಲ್ಲರ ಕಣ್ಣೆದುರೇ ಮಾಡ್ತಾರೆ ಅಂತೇನಿಲ್ಲ, ಮಾಡಿದ್ರೆ ಖುಷಿಯಾಗಿ ನೋಡಿ, ಬುದ್ಧಿ ಕಮ್ಮಿ ಇದೆಯಾ ಅಂತ ಹೆದರ್ಬೇಡಿ.

ಈಗ ಕರಡಿ. ಅತ್ತೆಯವರ ಆತಂಕ ನನಗೆ ಅರ್ಥ ಆಗುತ್ತೆ, ಸುಳ್ಳು ಅಂದ ತಕ್ಷಣ ದೊಡ್ಡವರಿಗೆ ಎದೆ ಝಲ್ ಅನ್ನುತ್ತೆ, ಈಗ ಬಿಟ್ರೆ ಮುಂದೆ ಏನು ಗತಿ ಅಂತ. ಆದ್ರೆ ಮೂರೂವರೆ ವರ್ಷದ ಮಗು ಸುಳ್ಳು ಹೇಳೋದಕ್ಕೆ ಏನೇನು ಬೇಕು ಅಂತ ನೋಡಿ. ನಿಜ ಏನು ಅಂತ ತನಗೆ ಗೊತ್ತಿರ್ಬೇಕು. ನನಗೆ ಗೊತ್ತಿರೋದು ಅಮ್ಮನಿಗೆ ಗೊತ್ತಿಲ್ಲದೇ ಇರಬಹುದು ಅನ್ನೋದು ಹೊಳೀಬೇಕು. ಬಾಯಿಂದ ಬೇರೆ ಮಾತು ಬಂದ್ರೆ ಅಮ್ಮನ ತಲೇಲಿ ಬೇರೆ ಚಿತ್ರ ಮೂಡುತ್ತೆ ಅನ್ನೋದು ಗೊತ್ತಾಗ್ಬೇಕು. ಇದು ಸಣ್ಣ ವಿಷಯ ಅಲ್ಲ. ಆಸ್ಟ್ರಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು, ಹೈನ್ಸ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್, 1983ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಒಬ್ಬ ಹುಡುಗ ತಿಂಡಿಯನ್ನ ಒಂದು ಕಪಾಟಲ್ಲಿಟ್ಟು ಆಚೆ ಹೋಗ್ತಾನೆ, ಅವನಿಲ್ಲದಾಗ ಅವನಮ್ಮ ಅದನ್ನ ಬೇರೆ ಕಪಾಟಿಗೆ ಹಾಕ್ತಾಳೆ, ವಾಪಸ್ ಬಂದ ಹುಡುಗ ಎಲ್ಲಿ ಹುಡುಕ್ತಾನೆ ಅಂತ ಪ್ರಶ್ನೆ. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಈಗ ಇರೋ ಕಪಾಟನ್ನೇ ತೋರಿಸ್ತಾರೆ, ಯಾಕಂದ್ರೆ ತಮಗೆ ಗೊತ್ತಿದ್ದು ಎಲ್ಲರಿಗೂ ಗೊತ್ತು ಅಂತ ಅವರ ನಂಬಿಕೆ. ನಾಲ್ಕು ದಾಟ್ತಾ ದಾಟ್ತಾ ಹೆಚ್ಚಿನ ಮಕ್ಕಳು ಮೊದಲ್ನೇ ಕಪಾಟನ್ನ ತೋರಿಸೋಕೆ ಶುರು ಮಾಡ್ತಾರೆ. ನಿಮ್ಮ ಮಗ ಆ ಹೊಸ್ತಿಲ ಮೇಲೆ ನಿಂತಿದಾನೆ. ಅದಕ್ಕೇ ಅವನ ಸುಳ್ಳು ಅಷ್ಟು ಎಳಸಾಗಿದೆ, ಕೈಯಲ್ಲಿ ಬಣ್ಣ ಮೆತ್ಕೊಂಡು, ಕ್ರೇಯಾನನ್ನೂ ಹಿಡ್ಕೊಂಡೇ ಕರಡಿ ಕಡೆ ತೋರಿಸ್ತಾನೆ. ಮೋಸ ಮಾಡೋ ಬುದ್ಧಿ ಅಲ್ಲ ಅದು. ಅರ್ಧ ಆಸೆ ಅದು, ಕರಡಿ ಬರೆದಿದ್ರೆ ಎಷ್ಟು ಚೆನ್ನಾಗಿತ್ತು ಅಂತ, ಇನ್ನರ್ಧ ನಿಮ್ಮ ಮುಖ ಗಂಟಾಗೋದನ್ನ ತಡೆಯೋ ಪ್ರಯತ್ನ.

ಹಂಗಂತ ಬಿಟ್ಟುಬಿಡಿ ಅಂತಲ್ಲ. ಮೊದಲು, ಉತ್ತರ ಗೊತ್ತಿರೋ ಪ್ರಶ್ನೆ ಕೇಳ್ಬೇಡಿ. 'ಯಾರು ಬರೆದಿದ್ದು?' ಅಂತ ದನಿ ಏರಿಸಿ ಕೇಳಿದ್ರೆ ನೀವೇ ಅವನನ್ನ ಸುಳ್ಳಿನ ಬಾಗಿಲಿಗೆ ತಂದು ನಿಲ್ಲಿಸಿದ ಹಾಗೆ. 'ಗೋಡೆ ಮೇಲೆ ಬಣ್ಣ ಆಗಿದೆ, ಬಾ ಒರೆಸೋಣ, ಬರೆಯೋಕೆ ಪೇಪರ್ ಇದೆ' ಅಂತ ಹೇಳಿ ಒಂದು ಒದ್ದೆ ಬಟ್ಟೆ ಅವನ ಕೈಗೆ ಕೊಡಿ. ಅವನು ಕರಡಿ ಅಂದ್ರೆ 'ಕರಡಿ ಬರೆದಿದ್ರೆ ಚೆನ್ನಾಗಿತ್ತು ಅನ್ಸುತ್ತಾ? ಅಮ್ಮಂಗೆ ಬೇಜಾರಾಗುತ್ತೆ ಅಂತ ಹೆದರಿಕೆ ಆಯ್ತಾ?' ಅಂತ ಮೆಲ್ಲಗೆ ಕೇಳಿ. ಅಲ್ಲಿ ಅವನು ತಲೆ ಆಡಿಸಿದ ಅಂದ್ರೆ ನಿಜ ಹೇಳಿದ ಹಾಗೇ ಆಯ್ತು, ಆಗ 'ಹೇಳಿದ್ದು ಒಳ್ಳೇದಾಯ್ತು' ಅಂತ ಒಂದು ಮಾತು ಸಾಕು, ಭಾಷಣ ಬೇಡ. ಒರೆಸೋ ಕೆಲಸ ಮಾತ್ರ ತಪ್ಪಿಸಬೇಡಿ, ಅರ್ಧಂಬರ್ಧ ಒರೆಸಿದ್ರೂ ಸರಿ. ಅತ್ತೆಯವರಿಗೆ ಹೇಳಿ, ನಿಜ ಹೇಳಿದ್ರೆ ಮನೇಲಿ ಏನೂ ಅನಾಹುತ ಆಗಲ್ಲ ಅಂತ ಗೊತ್ತಿರೋ ಮಗುಗೆ ಸುಳ್ಳಿನ ಅವಶ್ಯಕತೆ ಕಮ್ಮಿ, ಹೊಡೆತದ ಹೆದರಿಕೆ ಇರೋ ಕಡೆ ಮಕ್ಕಳು ಇನ್ನೂ ಚೆನ್ನಾಗಿ ಸುಳ್ಳು ಹೇಳೋದನ್ನ ಕಲೀತಾರೆ. ಮತ್ತೆ ಎಲ್ಲ ಕಥೇನೂ ಸುಳ್ಳಲ್ಲ, ನಿನ್ನೆ ಆನೆ ಬಂದು ನನ್ನ ಜೊತೆ ಮಲಗಿತ್ತು ಅಂದ್ರೆ ಅದು ಕಥೆ, ಆನೆಗೆ ಹೊದಿಕೆ ಸಾಕಾಯ್ತಾ ಅಂತ ಕೇಳಿ. ಕಾಣದ ಗೆಳೆಯನ ಜೊತೆ ಮಾತಾಡೋದು ಕೂಡ ಈ ವಯಸ್ಸಲ್ಲಿ ತುಂಬ ಮಾಮೂಲು.

ಟೇಬಲ್ ಕೆಳಗೆ ಹೋಗಿ ಕೂತಿದ್ದಕ್ಕೆ ಬರ್ತೀನಿ, ನಿಮ್ಮ ಪತ್ರದಲ್ಲಿ ನನ್ನನ್ನ ತಡೆದು ನಿಲ್ಲಿಸಿದ್ದು ಅದೇ. ಒಂದೂವರೆ ಎರಡು ವರ್ಷದ ಹೊತ್ತಿಗೆ ಮಕ್ಕಳಿಗೆ ಕನ್ನಡಿಯಲ್ಲಿರೋದು ತಾನೇ ಅಂತ ಗೊತ್ತಾಗುತ್ತೆ, ಮೂಗಿಗೆ ಗೊತ್ತಾಗದ ಹಾಗೆ ಬಣ್ಣ ಹಚ್ಚಿ ಕನ್ನಡಿ ಮುಂದೆ ನಿಲ್ಲಿಸಿದ್ರೆ ಕನ್ನಡಿ ಬಿಟ್ಟು ತನ್ನ ಮೂಗನ್ನೇ ಮುಟ್ಟಿ ನೋಡ್ಕೊಳ್ತಾವೆ. ಅಲ್ಲಿಂದ ಮುಂದೆ ಬೆಳೀತಾ ಬೆಳೀತಾ, ಬೇರೆಯವರು ನನ್ನನ್ನ ನೋಡ್ತಿದಾರೆ, ನನ್ನ ಬಗ್ಗೆ ಏನೋ ಅಂದ್ಕೊಳ್ತಿದಾರೆ ಅನ್ನೋ ಅರಿವು ಬರುತ್ತೆ, ಅದರ ಜೊತೆಗೇ ಹೆಮ್ಮೆ, ನಾಚಿಕೆ, ಅವಮಾನ ಎಲ್ಲ ಬರುತ್ತೆ. ಎರಡು ವರ್ಷ ಇದ್ದಾಗ ನೀವೆಲ್ಲ ನಕ್ಕಿದ್ರೆ ಅವನು ಕುಣಿದು ಇನ್ನೊಂದ್ಸಲ ಹೇಳ್ತಿದ್ದ. ಈಗ ಹೇಳಲ್ಲ. ನಾಲ್ಕಾರು ದೊಡ್ಡವರು ಬಾಯಿ ತೆಗೆದು ತನ್ನ ಕಡೆ ನೋಡಿ ನಗೋದನ್ನ ಕೆಳಗಿಂದ ಮೇಲಕ್ಕೆ ನೋಡೋದು ಅವನಿಗೆ ಹೇಗಿರುತ್ತೆ ಯೋಚಿಸಿ, ತಾನು ಹೇಳಿದ್ರಲ್ಲಿ ಏನು ತಪ್ಪು ಅಂತಾನೂ ಗೊತ್ತಿಲ್ಲ, ಅಮ್ಮಾನೂ ಅವರ ಜೊತೆ ಸೇರ್ಕೊಂಡು ನಗ್ತಿದಾಳೆ. ಟೇಬಲ್ ಕೆಳಗೆ ಹೋಗದೆ ಇನ್ನೆಲ್ಲಿಗೆ ಹೋಗ್ಬೇಕು ಆ ಮಗು.

ಸಂಕಟ ಪಟ್ಕೊಂಡು ಕೂರ್ಬೇಡಿ, ಇದು ಸರಿ ಹೋಗುವಂಥದ್ದು. ಎಡ್ ಟ್ರಾನಿಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ತಾಯಿ ಮಗುವಿನ ಮುಖಾಮುಖಿಯನ್ನ ದಶಕಗಟ್ಟಲೆ ನೋಡಿದವರು. ತಾಯಿ ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವನೇನೂ ತೋರಿಸದೆ ಕೂತ್ರೆ ಕೂಸು ಹೇಗೆ ಕಂಗಾಲಾಗುತ್ತೆ ಅಂತ 1970ರ ದಶಕದಲ್ಲಿ ತೋರಿಸಿದ್ದು ಅವರೇ. ಅವರ ಕೆಲಸದಿಂದ ಗೊತ್ತಾದ ಇನ್ನೊಂದು ವಿಷಯ ಅಪ್ಪ ಅಮ್ಮಂದಿರಿಗೆ ತುಂಬ ಬೇಕಾದ್ದು, ಚೆನ್ನಾಗಿ ಹೊಂದ್ಕೊಂಡಿರೋ ತಾಯಿ ಮಗೂ ಕೂಡ ಹೆಚ್ಚಿನ ಹೊತ್ತು ತಾಳ ತಪ್ಪಿರ್ತಾರೆ, ತಪ್ಪಿ ಮತ್ತೆ ಸೇರ್ಕೊಳ್ತಾರೆ, ಹಾಗೆ ಮತ್ತೆ ಮತ್ತೆ ಸೇರ್ಕೊಳ್ಳೋದ್ರಿಂದಾನೇ ಮಗುಗೆ ನಂಬಿಕೆ ಬೆಳೆಯೋದು. ಹಾಗಾಗಿ ಮುಂದೆ ಹೀಗಾದ್ರೆ ಬಂದವರನ್ನ ಎರಡು ನಿಮಿಷ ಬಿಟ್ಟು ನೀವೂ ಟೇಬಲ್ ಕೆಳಗೆ ಹೋಗಿ. ಆಚೆ ಬಾ ಅಂತ ಎಳೀಬೇಡಿ. 'ನಾವೆಲ್ಲ ನಕ್ವಿ, ನಿಂಗೆ ಇಷ್ಟ ಆಗ್ಲಿಲ್ಲ. ನೀನು ಹೇಳಿದ್ದು ಚೆನ್ನಾಗಿತ್ತು, ನಂಗೆ ಇನ್ನೊಂದ್ಸಲ ಹೇಳ್ತೀಯಾ, ನಂಗೊಬ್ಬಳಿಗೇ?' ಅಂತ ಕೇಳಿ. ಹೇಳಿದ್ರೆ ಗಂಭೀರವಾಗಿ ಕೇಳಿ. ಮೊನ್ನೆಯದ್ದಕ್ಕೂ ಈಗ ತಡ ಆಗಿಲ್ಲ, ಇವತ್ತು ರಾತ್ರಿ ಮಲಗೋ ಹೊತ್ತಲ್ಲಿ ಹೇಳಿ, ಮಕ್ಕಳು ಅಂಥ ಮಾತನ್ನ ಎಷ್ಟು ಬೇಗ ಒಪ್ಕೊಳ್ತಾರೆ ಅಂತ ನೋಡಿ ನಿಮ್ಮ ಕಣ್ಣು ಒದ್ದೆ ಆದ್ರೂ ಆಶ್ಚರ್ಯ ಇಲ್ಲ. ಬಂದವರ ಮುಂದೆ 'ಹೇಳೋ ಹೇಳೋ, ಚಂದ್ರ ಏನ್ ಮಾಡ್ತಾನೆ ಹೇಳೋ' ಅಂತ ಅವನಿಂದ ಪ್ರದರ್ಶನ ಮಾಡಿಸೋದನ್ನ ಮಾತ್ರ ನಿಲ್ಲಿಸಿ, ಇದನ್ನ ನಾನು ಸ್ವಲ್ಪ ಖಡಾಖಂಡಿತವಾಗೇ ಹೇಳ್ತೀನಿ. ಅವನ ಅಳು, ಸ್ನಾನ, ಎಡವಿ ಬಿದ್ದಿದ್ದು ಇಂಥ ವಿಡಿಯೋಗಳನ್ನ ಎಲ್ಲರಿಗೂ ಕಾಣೋ ಕಡೆ ಹಾಕೋದೂ ಬೇಡ, ಅವನ ಒಪ್ಪಿಗೆ ಕೇಳೋ ವಯಸ್ಸು ಬರೋವಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿರುತ್ತೆ.

ಯಜಮಾನ್ರು ಹೇಳೋದ್ರಲ್ಲೂ ಒಂದು ಪಾಲು ಸರಿ ಇದೆ. ಮಗು ತಂಗಿಗೆ ಹೊಡೆದಾಗ, ಯಾರಿಗೋ ಉಗಿದಾಗ, ಎಲ್ಲಿಂದಲೋ ಕೇಳಿಸ್ಕೊಂಡ ಕೆಟ್ಟ ಮಾತನ್ನ ಮುದ್ದಾಗಿ ಅಂದಾಗ ನಗು ತಡೀರಿ, ಯಾಕಂದ್ರೆ ಆ ನಗೂನೇ ಅವನಿಗೆ ಬಹುಮಾನ, ನಾಳೆ ಹತ್ತು ಸಲ ಮಾಡ್ತಾನೆ. ತಡೆಯೋಕೆ ಆಗ್ಲಿಲ್ವಾ, ಬೇರೆ ಕಡೆ ತಿರುಗಿ. ಆದ್ರೆ ಚಂದ್ರನಿಗೂ ಕಣ್ಣಾಮುಚ್ಚಾಲೆಗೂ ನಕ್ಕರೆ ಯಾರೂ ತಲೆ ಮೇಲೆ ಕೂರಲ್ಲ.

ಮಾತಿನ ತಪ್ಪುಗಳ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮನೆಮಂದಿ ಹೆಚ್ಚು ನಗೋದು ಅದಕ್ಕೇ ಅಂತ ಒಂದೆರಡು ಮಾತು. 'ನಾನು ಬೀಳಿದೆ', 'ನಾನು ಕೊಡಿದೆ' ಅಂತ ಈ ವಯಸ್ಸಿನ ಮಕ್ಕಳು ಹೇಳ್ತಾರಲ್ಲ, ಅದನ್ನ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಮನೇಲಿ ಯಾರೂ ಹಾಗೆ ಅನ್ನಲ್ಲ. ಓಡಿದೆ, ಆಡಿದೆ, ಹಾಡಿದೆ ಅಂತ ಕೇಳಿ ಕೇಳಿ ಒಂದು ನಿಯಮ ತಾವೇ ಕಂಡುಹಿಡಿದು ಅದನ್ನ ಎಲ್ಲ ಕಡೆ ಹಾಕ್ತಾರೆ. 1958ರಲ್ಲೇ ಜೀನ್ ಬರ್ಕೊ ಅನ್ನೋರು ಯಾರೂ ಕೇಳಿರದ ಪದಗಳನ್ನ ಕೊಟ್ಟು, ಮಕ್ಕಳು ಕೇಳಿದ್ದನ್ನ ಬರೀ ಒಪ್ಪಿಸಲ್ಲ, ನಿಯಮ ಹಿಡಿದು ಹೊಸ ರೂಪ ಮಾಡ್ತಾರೆ ಅಂತ ತೋರಿಸಿದ್ರು. 'ಬೀಳಿದೆ ಅಲ್ಲ, ಬಿದ್ದೆ ಅನ್ನು' ಅಂತ ನಿಲ್ಲಿಸಿ ತಿದ್ದಬೇಡಿ, 'ಅಯ್ಯೋ, ಬಿದ್ಯಾ? ಎಲ್ಲಿ ಬಿದ್ದೆ?' ಅನ್ನಿ, ಸರಿಯಾದ ರೂಪ ಅವನ ಕಿವಿಗೆ ಬಿತ್ತು, ಬಿದ್ದ ನೋವಿಗೂ ಮರ್ಯಾದೆ ಸಿಕ್ತು. ಕಾಲಿಗೆ ತಾಲು ಅನ್ನೋದು, ರಕಾರದ ಜಾಗದಲ್ಲಿ ಲಕಾರ ಬರೋದು ಮುದ್ದೇ ಮುದ್ದು, ಆದ್ರೆ ನೀವೂ ಅವನ ಥರಾನೇ ಅಂದು ಅಣಕಿಸಬೇಡಿ.

ಆತಂಕ ಪಡಬೇಕಾದ್ದು ಬೇರೆ ಇದೆ, ಅದನ್ನ ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಎರಡು ವರ್ಷ ತುಂಬೋ ಹೊತ್ತಿಗೆ ಮಗಳು ಎರಡು ಪದ ಸೇರಿಸಿ ತಾನಾಗೇ ಮಾತಾಡದೇ ಇದ್ರೆ, ಈಗಿನ ಒಂದೂವರೆ ವಯಸ್ಸಲ್ಲೇ ಬೇಕಾದ್ದನ್ನ ಬೆರಳಲ್ಲಿ ತೋರಿಸದೇ ಇದ್ರೆ, ಹೆಸರು ಕರೆದ್ರೆ ತಿರುಗದೇ ಇದ್ರೆ, ಇಲ್ಲಾ ಯಾವ ವಯಸ್ಸಲ್ಲೇ ಆಗ್ಲಿ ಬಂದಿದ್ದ ಮಾತು ಹೋಗಿಬಿಟ್ರೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಕೂಡ ಮಾಡಿಸಿ. ಮಗನ ಮಾತು ಮೂರೂವರೆಗೆ ಹೊರಗಿನವರಿಗೂ ಹೆಚ್ಚಿನಂಶ ಅರ್ಥ ಆಗ್ಬೇಕು, ನಾಲ್ಕಾದ್ರೂ ಆಗ್ತಿಲ್ಲ ಅಂದ್ರೆ ಆಗಲೂ ತೋರಿಸಿ. ನೀವು ಬರೆದಿದ್ದನ್ನ ಓದಿದ್ರೆ ಅವನ ವಿಷಯದಲ್ಲಿ ಹಾಗೇನೂ ಕಾಣ್ತಿಲ್ಲ.

ನಿಮ್ಮಂಥ ಅಮ್ಮಂದಿರು ತಮಾಷೆಯನ್ನ ಗಮನಿಸ್ತೀರ, ಆದ್ರೆ ಮಕ್ಕಳು ನಿಮ್ಮನ್ನ ನೋಡ್ಕೊಳ್ಳೋ ಕ್ಷಣ ಎಷ್ಟೋ ಸಲ ಕೆಲಸದ ಮಧ್ಯೆ ಜಾರಿಹೋಗುತ್ತೆ, ಅದನ್ನೂ ಹೇಳ್ಬೇಕು ಅನ್ಸುತ್ತೆ. ಮನಶ್ಶಾಸ್ತ್ರಜ್ಞರಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗುರುತಿಲ್ಲದ ದೊಡ್ಡವರೊಬ್ಬರು ಬಟ್ಟೆ ಒಣಗಿಸ್ತಾ ಕ್ಲಿಪ್ ಬೀಳಿಸಿ, ಎಟುಕದೆ ಕೈ ಚಾಚ್ತಾರೆ, ಯಾರೂ ಕೇಳ್ಕೊಳ್ಳಲ್ಲ, ಹೊಗಳೋದೂ ಇಲ್ಲ, ಹದಿನೆಂಟು ತಿಂಗಳ ಮಕ್ಕಳು ತೊಡರ್ಕೊಂಡು ನಡ್ಕೊಂಡು ಬಂದು ಕ್ಲಿಪ್ ಎತ್ತಿ ಕೊಡ್ತಾರೆ. ನಿಮ್ಮ ಮಗಳ ವಯಸ್ಸೇ ಅದು. ಬೇಕು ಅಂತ ಎಸೆದಿದ್ರೆ ಅಷ್ಟಾಗಿ ಎತ್ತಿಕೊಡಲ್ಲ, ಅಂದ್ರೆ ಇವರಿಗೆ ಇದು ಬೇಕಾಗಿದೆ ಅಂತ ಅವಕ್ಕೆ ಗೊತ್ತಾಗುತ್ತೆ. ಒಂದಿನ ನೀವು ತಲೆನೋವು ಅಂತ ಕಣ್ಣು ಮುಚ್ಚಿ ಮಲಗಿದಾಗ ಅವಳು ತನ್ನ ನವೆದು ಹೋದ, ಒಂದು ಮೂಲೆ ಕಚ್ಚಿ ಕಚ್ಚಿ ಗಟ್ಟಿಯಾದ ಬಟ್ಟೆ ತುಂಡನ್ನ ತಂದು ನಿಮ್ಮ ಕೆನ್ನೆ ಮೇಲೆ ಇಡ್ತಾಳೆ. ರಾತ್ರಿ ಅದಿಲ್ಲದೆ ಅವಳು ಮಲಗಲ್ಲ, ಒಗೆಯೋಕೂ ಬಿಡಲ್ಲ, ಅಂಥದ್ದನ್ನ. ನಿಮಗೆ ಯಾವುದರಿಂದ ಸಮಾಧಾನ ಆಗುತ್ತೆ ಅಂತ ಅವಳಿಗೆ ಗೊತ್ತಿಲ್ಲ, ತನಗೆ ಯಾವುದರಿಂದ ಆಗುತ್ತೋ ಅದನ್ನ ಕೊಟ್ಳು. ಆಗ ಬಟ್ಟೆ ಗಲೀಜಿದೆ ಅಂತ ತೆಗೆದಿಡಬೇಡಿ. ಒಂದು ಗಳಿಗೆ ಕೆನ್ನೆಗೆ ಒತ್ಕೊಂಡು 'ಈಗ ಹಾಯಾಯ್ತು' ಅನ್ನಿ. ಒಬ್ಬರ ನೋವನ್ನ ನನ್ನ ಕೈಲಿ ಕಮ್ಮಿ ಮಾಡೋಕಾಗುತ್ತೆ ಅಂತ ಒಂದು ಜೀವ ಕಲಿಯೋದು ಇಂಥ ಗಳಿಗೇಲೇ.

ಕೊನೇ ಪ್ರಶ್ನೆ, ನೆನಪಿರುತ್ತಾ ಅಂತ. ಹೆಚ್ಚಿನದು ಇರಲ್ಲ, ನೇರವಾಗಿ ಹೇಳೋದೇ ಒಳ್ಳೇದು. ದೊಡ್ಡವರನ್ನ ಕೇಳಿದ್ರೆ ಅವರ ಮೊಟ್ಟಮೊದಲ ನೆನಪು ಸರಾಸರಿ ಮೂರು ಮೂರೂವರೆ ವರ್ಷದ ಆಸುಪಾಸಿಂದು, ಅದಕ್ಕೂ ಹಿಂದಿನದು ಅಳಿಸಿಹೋಗಿರುತ್ತೆ, ಐದಾರು ವರ್ಷದವರೆಗಿನದೂ ಚದುರಿ ಚದುರಿ ಉಳಿದಿರುತ್ತೆ. ಈಗ ಅವನಿಗೆ ಆರು ತಿಂಗಳ ಹಿಂದಿನದು ಚೆನ್ನಾಗೇ ನೆನಪಿದೆ, ಎಂಟು ಹತ್ತು ವರ್ಷದವನಾದಾಗ ಇರಲ್ಲ. ಆದ್ರೆ ಕನ್ನಡಿ ಮುಂದೆ ಹಲ್ಲುಜ್ಜಿದ್ದು ಮರೆತ್ರೂ ಹಲ್ಲುಜ್ಜೋದು ಉಳಿಯಲ್ವಾ, ಹಾಗೇನೇ ಹೆದರಿದಾಗ ಹತ್ತಿರ ಹೋದ್ರೆ ಎತ್ಕೊಳ್ತಾರೆ, ಹೇಳಿದ್ರೆ ಕೇಳಿಸ್ಕೊಳ್ತಾರೆ ಅನ್ನೋದು ಅವನಲ್ಲಿ ಉಳಿಯುತ್ತೆ, ಯಾವತ್ತು ಎಲ್ಲಿ ಅಂತ ಮಾತ್ರ ಅವನಿಗೆ ಹೇಳೋಕಾಗಲ್ಲ. ಘಟನೆಗಳ ನೆನಪೂ ಸ್ವಲ್ಪ ಜಾಸ್ತಿ ಉಳೀಲಿ ಅಂದ್ರೆ ಅದಕ್ಕೆ ದಾರಿ ಇದೆ. ಅಪ್ಪ ಅಮ್ಮ ಮಗುವಿನ ಜೊತೆ ನಡೆದು ಹೋದ ವಿಷಯಗಳನ್ನ ಬಿಡಿಸಿ ಬಿಡಿಸಿ ಮಾತಾಡ್ತಿದ್ರೆ ಮಕ್ಕಳ ನೆನಪು ಹೆಚ್ಚು ವಿವರವಾಗಿ, ಹೆಚ್ಚು ಗಟ್ಟಿಯಾಗಿ ಉಳಿಯುತ್ತೆ ಅಂತ ಮನಶ್ಶಾಸ್ತ್ರಜ್ಞೆಯರಾದ ರಾಬಿನ್ ಫೈವಷ್, ಎಲೇನ್ ರೀಸ್ ಅವರ ಕೆಲಸದಿಂದ ಗೊತ್ತಾಗಿದೆ. ಮಲಗೋವಾಗ 'ಇವತ್ತು ಏನಾಯ್ತು' ಅಂತ ಪರೀಕ್ಷೆ ಮಾಡ್ಬೇಡಿ, 'ಇವತ್ತು ಮಳೆ ಬಂದಾಗ ನೀನು ಬಾಗಿಲ ಹತ್ರ ಓಡಿದ್ಯಲ್ಲ, ಆಗ ಏನು ನೋಡ್ದೆ?' ಅಂತ ಒಂದು ತುದಿ ನೀವು ಹಿಡ್ಕೊಳಿ. ಅವನು ತಪ್ಪು ಹೇಳಿದ್ರೂ ಪರವಾಗಿಲ್ಲ, ಮತ್ತೇನಾಯ್ತು ಅನ್ನಿ.

ನೀವು ಮರೀತಿದೀನಿ ಅಂದಿರಲ್ಲ, ಅದಕ್ಕೆ ಫೋನ್ ವಿಡಿಯೋಗಿಂತ ಒಂದು ಸಣ್ಣ ನೋಟ್‌ಬುಕ್ ಒಳ್ಳೇದು ಅಂತ ನನ್ನ ಅಭಿಪ್ರಾಯ. ಕ್ಯಾಮೆರಾ ಎತ್ತಿದ ತಕ್ಷಣ ಮಗು ಕ್ಯಾಮೆರಾಗೆ ಮಾತಾಡೋಕೆ ಶುರು ಮಾಡುತ್ತೆ, ನಿಮ್ಮ ಮುಖ ಫೋನ್ ಹಿಂದೆ ಹೋಗುತ್ತೆ. ಅಡುಗೆಮನೇಲೋ ಮಂಚದ ಪಕ್ಕದಲ್ಲೋ ಪೆನ್ನು ಸಮೇತ ಇಟ್ಟಿರಿ. ದಿನಾ ಬರೀಬೇಕು ಅಂತ ನಿಯಮ ಮಾಡ್ಕೊಬೇಡಿ, ಎರಡೇ ದಿನಕ್ಕೆ ನಿಂತುಹೋಗುತ್ತೆ, ಕಿವಿಗೆ ಬಿದ್ದಾಗ ಒಂದು ಸಾಲು, ಅಷ್ಟೇ. ಅವನು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ, ಬೀಳಿದೆ ಅಂದ್ರೆ ಬೀಳಿದೆ ಅಂತಾನೇ, ಪಕ್ಕದಲ್ಲಿ ತಾರೀಖು, ಆಗ ನೀವಿಬ್ರು ಏನು ಮಾಡ್ತಿದ್ರಿ ಅನ್ನೋದೂ ಇರ್ಲಿ. ಅತ್ತೆಯವರಿಗೂ ಯಜಮಾನ್ರಿಗೂ ಅದೇ ಪುಸ್ತಕ ಕೊಡಿ, ನೀವಿಲ್ಲದಾಗ ಅವನು ಅವರ ಹತ್ರ ಆಡೋ ಮಾತು ಬೇರೇನೇ ಇರುತ್ತೆ.